ಬಾಜೂ ಮನಿ ನಾಯಿ, ನಮ್ಮ ಮನಿ ರೇಟು

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಮನೆ ನೋಡಲು ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಏಳೆಂಟು ತಿಂಗಳ ಕೂಸು. ಏಜೆಂಟ್ ಹಾಲ್ ತೋರಿಸಿದ, ಅಡುಗೆಮನೆ ತೋರಿಸಿದ, ಮಾಳಿಗೆ ಹತ್ತಿಸಿ ನೀರಿನ ಟಾಕಿ ತೋರಿಸಿದ. ಬೆಡ್‌ರೂಮಿಗೆ ಕಾಲಿಡುತ್ತಿದ್ದಂತೆ ಕಿಟಕಿಯ ಆಚೆಯಿಂದ ಬಾಜೂ ಮನೆಯ ನಾಯಿ ಶುರು ಹಚ್ಚಿಕೊಂಡಿತು. ಕೂಸು ಬೆಚ್ಚಿಬಿದ್ದು ಅಳತೊಡಗಿತು. ಆ ಹೆಣ್ಣುಮಗಳು ಅದರ ಬೆನ್ನು ತಟ್ಟುತ್ತ ನನ್ನನ್ನು ಕೇಳಿದಳು, “ಅಕ್ಕೋರೆ, ರಾತ್ರಿನೂ ಹಿಂಗೇ ಬೊಗಳ್ತದೇನ್ರಿ?”

“ಇಲ್ರಿ. ಹೊಸ ಮಂದಿ ಬಂದ್ರ ಅಷ್ಟ.”

ಹದಿನೇಳು ವರ್ಷದಿಂದ ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಬಂದವಳು ನಾನು. ಆ ಮಾತು ಬಾಯಿಂದ ಹೊರಬಿದ್ದ ಕ್ಷಣ ನನ್ನ ಗಂಡನ ಮುಖ ನೋಡಲಾಗಲಿಲ್ಲ. ಅವರೂ ನನ್ನ ಮುಖ ನೋಡಲಿಲ್ಲ.

ಕಥೆ ಮೊದಲಿನಿಂದ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಕಲಬುರಗಿಯ ಬ್ರಹ್ಮಪುರದಲ್ಲಿ. ಅಲ್ಲಿ ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ಅಂಟಿಕೊಂಡೇ ಇರುತ್ತದೆ. ಒಬ್ಬರ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಇನ್ನೊಬ್ಬರಿಗೆ ಎಚ್ಚರದ ಗಂಟೆ. ಓಣಿಗೆ ನಾಲ್ಕೈದು ನಾಯಿ ಇದ್ದವು, ಯಾರದೂ ಅಲ್ಲ, ಎಲ್ಲರದೂ ಹೌದು. ಉಳಿದ ರೊಟ್ಟಿ ಚೂರು ಅವಕ್ಕೆ. ರಾತ್ರಿ ಬೊಗಳುತ್ತಿದ್ದವು, ಬೊಗಳಿ ಮುಂದಿನ ಓಣಿಗೆ ಹೋಗುತ್ತಿದ್ದವು. ಒಂದೇ ಜಾಗದಲ್ಲಿ ನಿಂತು, ಒಂದೇ ದನಿಯಲ್ಲಿ, ಮೂರು ತಾಸು ಬೊಗಳುವ ನಾಯಿಯನ್ನು ನಾನು ಆ ಓಣಿಯಲ್ಲಿ ಕಂಡಿಲ್ಲ.

2017ರಲ್ಲಿ ಸೇಡಂ ರಸ್ತೆಯ ಕಡೆ, ರಿಂಗ್ ರೋಡ್ ದಾಟಿದ ಮೇಲೆ ಬರುವ ಒಂದು ಬಡಾವಣೆಯಲ್ಲಿ 30×40 ಅಡಿಯ ಒಂದು ಪ್ಲಾಟ್ ತೆಗೆದುಕೊಂಡೆವು. ಚದರ ಅಡಿಗೆ 1150ರಂತೆ 13 ಲಕ್ಷ 80 ಸಾವಿರ. ನನ್ನ ಗಂಡ ಬ್ಯಾಳಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವರು, ಒಂದು ಪೈಸೆ ಆಚೀಚೆ ಆದರೂ ಮಲಗದ ಮನುಷ್ಯ. ಎನ್‌ಎ, ಅಂದರೆ ಹೊಲದ ಜಮೀನು ಕೃಷಿಯೇತರ ಆಗಿದೆಯಾ, ಲೇಔಟ್ ಮಂಜೂರಾತಿ ಇದೆಯಾ, ಋಣಭಾರ ಪತ್ರದಲ್ಲಿ ಏನಾದರೂ ಸಾಲ ಕೂತಿದೆಯಾ ಎಂದು ಒಂದೊಂದು ಕಾಗದವನ್ನೂ ವಕೀಲರಿಗೆ ತೋರಿಸಿ, ಆಮೇಲೆ ಸಂಚಕಾರ ಕೊಟ್ಟರು. ನಾವು ಜಾಗ ನೋಡಲು ಆರು ಸಲ ಹೋಗಿದ್ದೆವು. ಆರೂ ಸಲ ರವಿವಾರ ಮುಂಜಾನೆ ಹನ್ನೊಂದರ ಹೊತ್ತಿಗೆ. ಬಾಜೂ ಪ್ಲಾಟಿನಲ್ಲಿ ಆಗ ಜಾಲಿ ಗಿಡ ಬೆಳೆದಿತ್ತು.

2019ರಲ್ಲಿ 24 ಲಕ್ಷ ಸುರಿದು ಕೆಳಗಿನ ಒಂದು ಮಜಲು ಕಟ್ಟಿಸಿದೆವು. ಅದೇ ವರ್ಷ ನವೆಂಬರ್ 22ರಂದು ಸೇಡಂ ರಸ್ತೆಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ವಿಶ್ವವಿದ್ಯಾಲಯ, ಇಎಸ್‌ಐ ಆಸ್ಪತ್ರೆ ಮೊದಲೇ ಇದ್ದವು, ಈಗ ವಿಮಾನವೂ ಬಂತು. ಏಜೆಂಟರ ಬಾಯಲ್ಲಿ ನಮ್ಮ ಬಡಾವಣೆ ಅಂದಿನಿಂದ “ಏರ್‌ಪೋರ್ಟ್ ರೋಡ್” ಆಯಿತು, ರೇಟೂ ಅದಕ್ಕೆ ತಕ್ಕ ಹಾಗೆ ಏರಿತು. ಬಾಜೂ ಪ್ಲಾಟಿನ ಜಾಲಿ ಗಿಡ ಕಡಿದು ನಿವೃತ್ತ ಇಂಜಿನಿಯರ್ ಒಬ್ಬರು ಮನೆ ಕಟ್ಟಿಸಿದರು. ಬಂದ ಮೊದಲ ವಾರವೇ ಅವರ ಹೆಂಡತಿ ಶೇಂಗಾ ಹೋಳಿಗೆ ಮಾಡಿ ತಂದುಕೊಟ್ಟರು. ನಾವು ಅವರನ್ನು ಕಾಕಾ, ಕಾಕು ಎಂದೇ ಕರೆಯುವುದು. ಎಳ್ಳಮಾಸಿಗೆ ಅವರ ಹೊಲಕ್ಕೆ ಚರಗಕ್ಕೆ ಹೋಗಿ ಭಜ್ಜಿ, ಸಜ್ಜಿ ಕಡುಬು ಉಂಡು ಬಂದಿದ್ದೇವೆ. ಕೆಟ್ಟ ಮಂದಿ ಅಲ್ಲ ಅವರು. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಮುಂದೆ ನಡುವೆ ಎರಡು ತಿಂಗಳು ಅವರನ್ನು ನಾನು ಬಹಳ ಕೆಟ್ಟ ಮಂದಿ ಎಂದೇ ನಂಬಿದ್ದೆ.

ಲಾಕ್‌ಡೌನಿನಲ್ಲಿ ಅವರ ಮಗ ಒಂದು ಜರ್ಮನ್ ಶೆಫರ್ಡ್ ಮರಿ ತಂದ. ಓಣಿಯ ಹುಡುಗರೆಲ್ಲ ಅದನ್ನು ಎತ್ತಿಕೊಂಡೇ ತಿರುಗಿದರು. ನನ್ನ ಮಗನೂ. 2022ರಲ್ಲಿ ಆ ಹುಡುಗನಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿತು, ಹೋದ. ನಾಯಿ ಉಳಿಯಿತು. ಆಗ ಅದು ಮರಿಯಲ್ಲ, ಮೂವತ್ತು ಕೆ.ಜಿ. ಮೇಲಿನ ಪ್ರಾಣಿ. ಅದನ್ನು ಎರಡು ಮನೆಗಳ ನಡುವಿನ ಸಂದಿಯಲ್ಲಿ, ಸರಿಯಾಗಿ ನಮ್ಮ ಬೆಡ್‌ರೂಮ್ ಕಿಟಕಿಯ ಎದುರಿಗೆ ಕಟ್ಟಿದರು.

ಕಿಟಕಿ ಮುಚ್ಚಿಕೊಂಡು ಮಲಗಬಹುದಲ್ಲ ಎಂದು ಬೆಂಗಳೂರಿನ ನನ್ನ ತಂಗಿ ಕೇಳಿದ್ದಳು. ನಮ್ಮ ಊರಿನ ಬ್ಯಾಸಿಗಿ ಕಂಡವರು ಹಾಗೆ ಕೇಳುವುದಿಲ್ಲ. ಮೇ ತಿಂಗಳಲ್ಲಿ ಪಾರ 43 ಡಿಗ್ರಿ ಮುಟ್ಟುವ ಊರು ಇದು. ನಮ್ಮಂಥವರ ಮನೆಯಲ್ಲಿ ಕೂಲರ್ ಇರುತ್ತದೆ, ಎ.ಸಿ. ಅಲ್ಲ. ಕೂಲರ್ ಕೆಲಸ ಮಾಡಬೇಕಾದರೆ ಹೊರಗಿನ ಒಣ ಗಾಳಿ ಒಳಗೆ ಬರಬೇಕು, ಒಳಗಿನ ಹಸಿ ಗಾಳಿ ಇನ್ನೊಂದು ಕಿಟಕಿಯಿಂದ ಹೊರಗೆ ಹೋಗಬೇಕು. ಮುಚ್ಚಿದರೆ ಕೋಣೆ ತಂಪಾಗುವುದಿಲ್ಲ, ಹಾಸಿಗೆಯೇ ಅಂಟು ಅಂಟು. ಮಾಳಿಗೆ ಮೇಲೆ ಮಲಗಿದೆವು. ಅಲ್ಲಿ ಇನ್ನೂ ಜೋರಾಗಿ ಕೇಳುತ್ತಿತ್ತು, ಅದರ ದನಿಗೆ ರಿಂಗ್ ರೋಡಿನ ಬೀದಿನಾಯಿಗಳೆಲ್ಲ ದನಿಗೂಡಿಸುತ್ತಿದ್ದವು.

ರಾತ್ರಿ ಒಂದೂವರೆಗೆ ಶುರು. ಮೊದಲು ಎರಡು ಸಲ, ಕೆಮ್ಮಿದ ಹಾಗೆ. ಆಮೇಲೆ ಬಿಟ್ಟೂಬಿಡದೆ. ನಿಂತಿತು ಎಂದು ಕಣ್ಣು ಹತ್ತುವಷ್ಟರಲ್ಲಿ ಮತ್ತೆ. ನನಗೆ ಆರು ಇಪ್ಪತ್ತಕ್ಕೆ ಚಿತ್ತಾಪುರದ ಬಸ್ಸು. ಮಗಳು ಪಿಯುಸಿ ಎರಡನೇ ವರ್ಷ. ಎಪ್ಪತ್ತೆಂಟು ವರ್ಷದ ನಮ್ಮ ಅತ್ತಿ ಎದ್ದು ಕೂತು ಜಪಮಣಿ ಹಿಡಿದುಬಿಡುತ್ತಿದ್ದರು. ಒಂದು ದಿನ ತರಗತಿಯಲ್ಲಿ ಹುಡುಗನೊಬ್ಬ ಬೆಂಚಿನ ಮೇಲೆ ಸ್ಕೇಲ್ ಬಡಿಯುತ್ತಿದ್ದ, ಟಕ್ ಟಕ್ ಟಕ್ ಎಂದು. ನಾನು ಆ ಮಗುವಿನ ಕೈಗೆ ಹೊಡೆದೆ. ಇಷ್ಟು ವರ್ಷದಲ್ಲಿ ಮಕ್ಕಳಿಗೆ ಕೈ ಎತ್ತಿದವಳಲ್ಲ. ಅವನು ಕೈ ಹಿಂದಕ್ಕೆ ಎಳೆದುಕೊಂಡು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

ಕಾಕಾರಿಗೆ ಮೊದಲು ಮೆಲ್ಲಗೆ ಹೇಳಿದೆವು. “ನಾಯಿ ಅಂದಮ್ಯಾಲ ಬೊಗಳ್ತದ ತಂಗಿ. ಕಳ್ಳರು ಬಂದ್ರ ನಿಮ್ಮ ಮನಿಗೂ ಅದ ಕಾವಲ ಅಲ್ಲೇನು” ಎಂದರು. ಎರಡನೇ ಸಲ ನನ್ನ ಗಂಡ ದನಿ ಏರಿಸಿದರು, ಕಾಕಾ ಗೇಟು ಹಾಕಿಕೊಂಡರು. ಒಂದು ರಾತ್ರಿ 112ಕ್ಕೆ ಫೋನ್ ಮಾಡಿದೆವು. ಇಬ್ಬರು ಪೊಲೀಸರು ಬಂದು, ಕಾಕಾರನ್ನು ಎಬ್ಬಿಸಿ, ಹೊಂದಿಕೊಂಡು ಹೋಗ್ರಿ ಎಂದು ಹೇಳಿ ಹೋದರು. ಓಣಿಯ ಹತ್ತು ಮನೆಗಳ ಲೈಟು ಹತ್ತಿತ್ತು. ಆ ಹಿರಿಯ ಮನುಷ್ಯ ಬನಿಯನ್ನಿನ ಮೇಲೆ ಟವೆಲ್ ಹೊದ್ದು ಎಲ್ಲರ ಮುಂದೆ ನಿಂತದ್ದು ನೋಡಿದ ಮೇಲೆ ನಮ್ಮ ಎರಡು ಮನೆಗಳ ನಡುವೆ ಮಾತು ನಿಂತಿತು. ನಾವು ಸಿಮೆಂಟ್ ಬ್ಲಾಕ್ ತರಿಸಿ ನಡುವಿನ ಗೋಡೆಯನ್ನು ಮೂರು ಅಡಿ ಏರಿಸಿದೆವು. 38 ಸಾವಿರ ಹೋಯಿತು. ಬೊಗಳುವುದು ಕಡಿಮೆ ಆಗಲಿಲ್ಲ, ಹೆಚ್ಚಾಯಿತು. ಯಾಕೆ ಹೆಚ್ಚಾಯಿತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಆಗಲೇ ಮನೆ ಮಾರುವ ಮಾತು ಬಂದದ್ದು.

ಏಜೆಂಟ್ 58 ಲಕ್ಷ ಹೇಳೋಣ ಎಂದ. ಕೇಳಲು ಬಹಳ ದೊಡ್ಡ ಮೊತ್ತ. ಆದರೆ ಅದೇ ದುಡ್ಡಿಗೆ ಇನ್ನೊಂದು ಮನೆ ಎಲ್ಲಿ ಸಿಗುತ್ತದೆ? ಜೇವರ್ಗಿ ರಸ್ತೆಯ ಕಡೆ, ರಿಂಗ್ ರೋಡಿನ ಒಳಗೆ ನಾವು ನೋಡಿದ ಮನೆಗಳು 70 ಲಕ್ಷಕ್ಕೆ ಕಡಿಮೆ ಇರಲಿಲ್ಲ. ಆಳಂದ ರಸ್ತೆಯಲ್ಲಿ ಒಂದು ಹೊಂದುವಂತೆ ಇತ್ತು, ಅದಕ್ಕೆ ಇ–ಖಾತಾ, ಅಂದರೆ ಆನ್‌ಲೈನ್ ಆಸ್ತಿ ದಾಖಲೆ, ಆಗಿರಲಿಲ್ಲ, ಅದಿಲ್ಲದೆ ಈಗ ಸರ್ಕಾರದ ನೋಂದಣಿ ತಂತ್ರಾಂಶ ‘ಕಾವೇರಿ’ಯಲ್ಲಿ ನೋಂದಣಿ ಆಗುವುದಿಲ್ಲ. ಅದು ಸಾಲದೆಂಬಂತೆ ಮುಂದೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇಕಡಾ 1 ಇದ್ದದ್ದು 2 ಆಯಿತು. 60 ಲಕ್ಷದ ಮನೆಗೆ ಅದೊಂದೇ 60 ಸಾವಿರ ಹೆಚ್ಚು. ನೌಕರಿ ಮಾಡುವ ಇಬ್ಬರು ಒಂದು ಜೀವಮಾನದಲ್ಲಿ ಒಂದು ಮನೆ ಕಟ್ಟಬಹುದು. ಎರಡನೆಯದು ನಮ್ಮಂಥವರ ಕೈಗೆ ಹತ್ತುವುದಿಲ್ಲ. ರೇಟು ಏರಿದೆ ಎಂದು ಎಲ್ಲರೂ ಹೇಳುತ್ತಾರೆ, ಇರುವ ಮನೆ ಬಿಟ್ಟು ಹೊರಡುವವರಿಗೆ ಅದು ಸುಡುವ ರೇಟು.

ಕೂಸಿನ ತಾಯಿ ಕೇಳಿದಾಗ ನಾನು ಸುಳ್ಳು ಹೇಳಿದ್ದು ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡೇ. ಅವರು 56ಕ್ಕೆ ಒಪ್ಪಿದ್ದರು. ಮೂರು ದಿನ ನಾನು ಸುಮ್ಮನಿದ್ದೆ. ನಾಲ್ಕನೇ ರಾತ್ರಿ ಎರಡು ಗಂಟೆಗೆ ನಾಯಿ ಬೊಗಳುತ್ತಿರುವಾಗ, ಈ ಕಿಟಕಿಯ ಕೆಳಗೆ ಆ ಕೂಸು ಮಲಗಿರುತ್ತದೆ ಎಂಬುದು ಕಣ್ಣಿಗೆ ಕಟ್ಟಿತು. ಬೆಳಗಾದ ಮೇಲೆ ಗಂಡನಿಗೆ ಹೇಳಿದೆ. ಅವರು ಒಂದು ಮಾತೂ ಆಡದೆ ಏಜೆಂಟನಿಗೆ ಫೋನ್ ಹಚ್ಚಿದರು. ಇದ್ದದ್ದು ಇದ್ದ ಹಾಗೆ ಹೇಳು ಎಂದರು. ಸಂಜೆ ಉತ್ತರ ಬಂತು: 52 ಆದರೆ ನೋಡೋಣ. ನಾಯಿಯೊಂದು ನಮ್ಮ ಮನೆಗೆ ಹಾಕಿದ ಬೆಲೆ ನಾಲ್ಕು ಲಕ್ಷ. ವ್ಯವಹಾರ ಅಲ್ಲಿಗೇ ನಿಂತಿತು.

ಮೇ ಎರಡನೇ ವಾರ, ಸಂಜೆ. ಕರೆಂಟ್ ಹೋಗಿತ್ತು. ನಾನು ಮೆಂತೆ, ಪುಂಡಿ ಪಲ್ಯ ತೆಗೆದುಕೊಂಡು ಓಣಿಯಲ್ಲಿ ನಡೆದು ಬರುತ್ತಿದ್ದೆ. ಕಾಕಾರ ಗೇಟು ಅರ್ಧ ತೆರೆದಿತ್ತು, ಸರಪಳಿಯ ಕೊಂಡಿ ಬಿಚ್ಚಿಕೊಂಡಿತ್ತು. ಹಿಂದೆ ಉಗುರಿನ ಸಪ್ಪಳ ಕೇಳಿತು, ತಿರುಗುವಷ್ಟರಲ್ಲಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಸೀರೆ ಹರಿದು ಎರಡು ಹಲ್ಲು ಆಳಕ್ಕೆ ಇಳಿದಿದ್ದವು.

ಕಾಕು ಓಡಿ ಬಂದರು. ಕೈಯಲ್ಲಿ ಖಾರಪುಡಿ. “ಹಚ್ಚವಾ, ನಂಜು ಇಳೀತದ” ಎಂದು ಅಳುತ್ತಲೇ ಹೇಳಿದರು. ಬೇಡ ಕಾಕು ಎಂದು ಅವರ ಕೈ ಹಿಡಿದೆ. ಇದನ್ನು ಓದುವವರೂ ದಯವಿಟ್ಟು ನೆನಪಿಡಿ: ಖಾರಪುಡಿ, ಅರಿಶಿನ, ಸುಣ್ಣ ಏನೂ ಹಚ್ಚಬಾರದು. ನಲ್ಲಿಯ ಕೆಳಗೆ ಕಾಲಿಟ್ಟು ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು, ಗಡಿಯಾರ ನೋಡಿ. ಆಮೇಲೆ ನೇರ ಆಸ್ಪತ್ರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ತಡೆಯುವ ಇಂಜೆಕ್ಷನ್‌ಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ರಕ್ತ ಬಂದಿದ್ದರಿಂದ ಗಾಯದ ಸುತ್ತ ಬೇರೆ ಔಷಧಿ ಚುಚ್ಚಿದರು, ಎರಡೂ ತೋಳಿಗೆ ಲಸಿಕೆ ಕೊಟ್ಟರು. ಮತ್ತೆ 3ನೇ, 7ನೇ, 28ನೇ ದಿನಕ್ಕೆ ಬರಲು ಹೇಳಿದರು. ನಾಯಿಗೆ ಲಸಿಕೆ ಆಗಿದೆಯಾ ಎಂದು ಡಾಕ್ಟರ್ ಕೇಳಿದಾಗ ಕಾಕಾ ತಲೆ ತಗ್ಗಿಸಿದರು. ಮಗ ಹೋದ ಮೇಲೆ ಯಾರೂ ಹಾಕಿಸಿರಲಿಲ್ಲ. “ಹತ್ತು ದಿನ ಆ ನಾಯಿ ಮ್ಯಾಲೆ ಕಣ್ಣಿಡ್ರಿ. ಊಟ ಬಿಡ್ತದ, ಸತ್ತಿತು ಅಂದ್ರ ತಕ್ಷಣ ತಿಳಸ್ರಿ” ಎಂದರು ಡಾಕ್ಟರ್.

ನನ್ನ ಗಂಡ ಅವತ್ತೇ ದೂರು ಬರೆದರು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದಕ್ಕೇ ಇದೆ: ತನ್ನ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದರೆ 6 ತಿಂಗಳವರೆಗೆ ಸೆರೆ, ಇಲ್ಲವೇ 5 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹತ್ತು ದಿನ ಕಳೆಯಲಿ, ಆಮೇಲೆ ಕೊಡೋಣ ಎಂದೆ. ಸಾಲಿಗೆ ಬ್ಯಾಸಿಗಿ ಸೂಟಿ ಇತ್ತು. ಕುರ್ಚಿ ಎಳೆದುಕೊಂಡು ಬೆಡ್‌ರೂಮ್ ಕಿಟಕಿಯಲ್ಲಿ ಕೂತೆ. ಎತ್ತರಿಸಿದ ಗೋಡೆಯ ಮೇಲಿಂದ ಕಾಣಬೇಕಾದರೆ ಕುರ್ಚಿಯ ಮೇಲೆ ನಿಲ್ಲಬೇಕಿತ್ತು.

ಮೂರು ವರ್ಷ ಆ ನಾಯಿಯನ್ನು ಕೇಳಿದ್ದೆ. ನೋಡಿದ್ದು ಆಗಲೇ.

ಸರಪಳಿ ನಾಲ್ಕು ಅಡಿ ಇರಬಹುದು. ಒಂದು ಸುತ್ತು ಬಂದರೆ ಮತ್ತೆ ಅದೇ ಕಂಬ. ಅಡಿಗೆ ಶಹಾಬಾದಿ ಫರ್ಸಿ ಹಾಸಿದ್ದರು. ಮುಂಜಾನೆ ತಂಪು ಇರುತ್ತಿತ್ತು. ಹನ್ನೊಂದಕ್ಕೆ ಬಿಸಿಲು ಸಂದಿಯೊಳಗೆ ಇಳಿಯುತ್ತಿತ್ತು, ಎರಡರ ತನಕ ಹೋಗುತ್ತಿರಲಿಲ್ಲ. ಹಿಮ ಬೀಳುವ ದೇಶಕ್ಕೆ ತಕ್ಕ ಎರಡು ಪದರದ ದಪ್ಪ ಕೂದಲು ಹೊತ್ತ ಪ್ರಾಣಿ ಕಾದ ಕಲ್ಲಿನ ಮೇಲೆ ಒಂದು ಕಾಲು ಎತ್ತುತ್ತಿತ್ತು, ಅದನ್ನಿಟ್ಟು ಇನ್ನೊಂದು ಎತ್ತುತ್ತಿತ್ತು. ಕಾಕು ಮುಂಜಾನೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಇಡುತ್ತಿದ್ದರು, ಹತ್ತು ಗಂಟೆಯೊಳಗೆ ಸರಪಳಿ ತಾಗಿ ಅದು ಮಗುಚಿ ಬೀಳುತ್ತಿತ್ತು. ಸಂಜೆಯ ತನಕ ಖಾಲಿ. ಮಂಡಿನೋವಿನ ಕಾಕುವಿಗೆ ದಿನಕ್ಕೆ ಎರಡು ಸಲ ಹಿಂದಕ್ಕೆ ಬರುವುದೇ ಕಷ್ಟ.

ನಮ್ಮ ಗೋಡೆಯ ಬಗ್ಗೆ ತಿಳಿದದ್ದು ಐದನೇ ದಿನ. ಮೊದಲು ಗೋಡೆ ತಗ್ಗಿದ್ದಾಗ ಅದು ಮುಂಗಾಲು ಗೋಡೆಯ ಮೇಲಿಟ್ಟು ನಮ್ಮ ಅಂಗಳ, ಅದರಾಚೆಯ ಓಣಿ ನೋಡುತ್ತಿತ್ತು. ನಾವು ಏರಿಸಿದ ಮೇಲೆ ಅದಕ್ಕೆ ಎಲ್ಲಾ ಕೇಳುತ್ತದೆ, ಏನೂ ಕಾಣುವುದಿಲ್ಲ. ಸ್ಕೂಟಿ ನಿಂತರೂ, ಗೇಟು ಕಿರ್ ಎಂದರೂ, ಹಾಲಿನವನು ಬಂದರೂ ಅದಕ್ಕೆ ಯಾರು ಎಂದು ತಿಳಿಯದು. ಬೊಗಳುತ್ತದೆ. 38 ಸಾವಿರ ಕೊಟ್ಟು ಅದರ ಪಾಲಿಗಿದ್ದ ಅಷ್ಟು ಜಗತ್ತನ್ನೂ ಮುಚ್ಚಿದ್ದೆವು, ಬರುತ್ತಿದ್ದ ಗಾಳಿಯನ್ನೂ.

ಆರನೇ ದಿನ ಅಂಗಳದ ಪೈಪನ್ನು ಗೋಡೆಯ ಮೇಲಿಂದ ಇಳಿಬಿಟ್ಟು ನೀರು ಬಿಟ್ಟೆ. ಕಚ್ಚಿಸಿಕೊಂಡ ಕಾಲು ಇನ್ನೂ ಬಾತಿತ್ತು, ಕುರ್ಚಿಯ ಮೇಲೆ ನಿಂತು ನಡುಗುತ್ತಿತ್ತು. ಅದು ಮೊದಲು ಪೈಪಿಗೇ ಬೊಗಳಿತು. ಆಮೇಲೆ ಫರ್ಸಿ ಮೇಲೆ ಹರಿದ ನೀರನ್ನು ನೆಕ್ಕಿತು. ಆಮೇಲೆ ಪೈಪಿನ ಬಾಯಿಗೇ ಬಾಯಿಟ್ಟು ಕುಡಿಯಿತು, ಕಣ್ಣು ಮುಚ್ಚಿ, ಎಷ್ಟೋ ಹೊತ್ತು. ಒದ್ದೆ ಕಲ್ಲಿನ ಮೇಲೆ ಹೊಟ್ಟೆ ಅಂಟಿಸಿ ಮಲಗಿತು. ಅವತ್ತು ಮಧ್ಯಾಹ್ನ ಮೂರು ತಾಸು ಅದರ ಸಪ್ಪಳ ಇರಲಿಲ್ಲ. ನಾನು ಕುರ್ಚಿಯಿಂದ ಇಳಿದು ಹಾಸಿಗೆಯ ಮೇಲೆ ಕೂತು ಅತ್ತೆ.

ಆ ರಾತ್ರಿ ಮೊಬೈಲಿನಲ್ಲಿ ಕಾನೂನು ಹುಡುಕುತ್ತ ಕೂತಾಗ ಇನ್ನೊಂದು ಸಿಕ್ಕಿತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960. ಅದರ 11ನೇ ಕಲಮಿನಲ್ಲಿ, ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಮಟ್ಟಿಗೆ ಅಡ್ಡಾಡಿಸದೆ ಇರುವುದೂ ಕ್ರೌರ್ಯವೇ ಎಂದು ಬರೆದಿದೆ. ನಾನು ಹುಟ್ಟುವ ಮೊದಲೇ ಯಾರೋ ಇದನ್ನು ಯೋಚಿಸಿ ಕಾನೂನಿನಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಓಣಿಯಲ್ಲಿ ಅದು ಯಾರಿಗೂ ತಿಳಿದಿರಲಿಲ್ಲ.

ಹನ್ನೊಂದನೇ ದಿನ ನಾಯಿ ಗಟ್ಟಿಮುಟ್ಟಾಗಿತ್ತು. ದೂರಿನ ಕಾಗದ ಮನೆಯಲ್ಲೇ ಬಿಟ್ಟು ಕಾಕಾರ ಮನೆಗೆ ಹೋದೆ. ಅವರು ಕೂತುಕೋ ಎಂದೂ ಹೇಳಲಿಲ್ಲ, ಹೆದರಿದ್ದರು. ಕಾಕು ಚಹಾ ತಂದರು.

“ಕಾಕಾ, ನಾ ಜಗಳಕ್ಕ ಬಂದಿಲ್ರಿ. ಅದಕ್ಕ ಅಲ್ಲಿ ಬಿಸಿಲು ಭಾಳ ಬೀಳ್ತದ.”

ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು. “ಮಗಾ ತಂದಾ, ಬಿಟ್ಟು ಹೋದಾ. ಅನ್ನ ಹಾಕ್ತೀವಿ ತಂಗಿ. ಅದರ ಕೂಡ ಅಡ್ಡಾಡೋದು ನಮ್ಮಿಂದ ಆಗಲ್ಲ. ಒಂದ್ ಸಲ ಎಳದು ಕೆಡವ್ಯದ ನನ್ನ. ಯಾರಿಗರೆ ಕೊಡಮು ಅಂದ್ರ ಮಗಾ ಫೋನ್‌ನ್ಯಾಗ ಅಳ್ತಾನ.” ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಅವರು. ಅದು ನಮಗೆ ಗೊತ್ತೇ ಇರಲಿಲ್ಲ. ಎಂಟು ಅಡಿ ದೂರದಲ್ಲಿ ಇದ್ದೇವೆ.

ಮುಂದಿನದು ಒಂದೇ ದಿನಕ್ಕೆ ಆಗಲಿಲ್ಲ. ಸರ್ಕಾರಿ ಪಶು ಆಸ್ಪತ್ರೆಗೆ ನನ್ನ ಗಂಡನೇ ಆಟೋ ಮಾಡಿ ಕರೆದೊಯ್ದರು, ಬಾಯಿಗೆ ಜಾಳಿಗೆ ಕಟ್ಟಿ. ರೇಬೀಸ್ ಲಸಿಕೆ, ಜಂತಿನ ಔಷಧಿ. ಸಂದಿಯಿಂದ ಬಿಡಿಸಿ ಕಾಕಾರ ಮುಂದಿನ ಅಂಗಳದ ಬೇವಿನ ಗಿಡದ ಕೆಳಗೆ ತಂದೆವು. ಎರಡು ಕಂಬಗಳ ನಡುವೆ ತಂತಿ ಎಳೆದು ಅದಕ್ಕೆ ಸರಪಳಿಯ ಬಳೆ ಪೋಣಿಸಿದೆವು, ಈಗ ಅದು ಇಪ್ಪತ್ತು ಅಡಿ ಓಡಾಡುತ್ತದೆ. ನೀರಿಗೆ ಕಲ್ಲಿನ ದೋಣಿ, ಮಗುಚುವುದಿಲ್ಲ. ರಾತ್ರಿ ಹತ್ತಕ್ಕೆ ಹಾಲ್‌ನೊಳಗೆ. ಒಳಗೆ ಬಿಟ್ಟುಕೊಳ್ಳಲು ಕಾಕು ಒಪ್ಪಲು ಇಪ್ಪತ್ತು ದಿನ ಹಿಡಿಯಿತು, ದೇವರ ಕೋಣೆಗೆ ಬಾಗಿಲು ಹಾಕಿಸಿದ ಮೇಲೆ ಒಪ್ಪಿದರು. ಮುಂಜಾನೆ ಐದೂವರೆಗೆ ನನ್ನ ಮಗ ಅದನ್ನು ರಿಂಗ್ ರೋಡ್ ತನಕ ಅಡ್ಡಾಡಿಸಿ ತರುತ್ತಾನೆ. ಚಿಕ್ಕಂದಿನಲ್ಲಿ ಎತ್ತಿಕೊಂಡು ತಿರುಗಿದವನ ವಾಸನೆ ಅದಕ್ಕೆ ನೆನಪಿತ್ತು.

ಎಲ್ಲಾ ಸರಿಹೋಗಿಲ್ಲ. ಕಸದ ಗಾಡಿಯ ಹಾಡು ಕೇಳಿದರೆ ಈಗಲೂ ಬೊಗಳುತ್ತದೆ. ನಾನು ಅದರ ಪಕ್ಕ ಹೋಗುವಾಗ ಮೀನಖಂಡ ತಾನಾಗಿ ಬಿಗಿಯುತ್ತದೆ. ಕಾಕು ಅನ್ನ ಹಾಕುವ ಬೀದಿನಾಯಿ ಮತ್ತೆ ಮರಿ ಹಾಕಿದೆ. ಕಾಕುವಿನಿಂದ ದೂರು ಬರೆಸಿ ಪಾಲಿಕೆಗೆ ಕೊಟ್ಟಿದ್ದೇವೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಂತೆ ಅವನ್ನು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ ಇದ್ದ ಜಾಗಕ್ಕೇ ತಂದು ಬಿಡಬೇಕು. ಗಾಡಿಯ ದಾರಿ ಕಾಯುತ್ತಿದ್ದೇವೆ. ನಮ್ಮ ಗೋಡೆಯ ಮೇಲಿನ ಎರಡು ಸಾಲು ಬ್ಲಾಕ್ ತೆಗೆಸಿದೆವು, ನನ್ನ ಅತ್ತಿ ಅಲ್ಲಿಂದಲೇ ಕಾಕುವಿಗೆ ಶೇಂಗಾ ಹಿಂಡಿ ಕೊಡುತ್ತಾರೆ.

ಪ್ಲಾಟ್, ಮನೆ ನೋಡಲು ಹೊರಟವರು ನನ್ನನ್ನು ಕೇಳಿದರೆ ಈಗ ಹೀಗೆ ಹೇಳುತ್ತೇನೆ: ಕಾಗದ ನೋಡಿದ ಮೇಲೆ ಒಂದು ಮೇ ತಿಂಗಳ ರಾತ್ರಿ ಒಂದು ಗಂಟೆಗೆ ಆ ಓಣಿಗೆ ಹೋಗಿ ಗಾಡಿ ಬಂದ್ ಮಾಡಿ ಅರ್ಧ ತಾಸು ನಿಲ್ಲಿ. ಮುಂಜಾನೆ ಹಾಲಿನವನನ್ನು ಕೇಳಿ, ಅವನಿಗೆ ಪ್ರತಿ ಮನೆಯ ನಾಯಿಯೂ ಗೊತ್ತಿರುತ್ತದೆ. ಕೂಲರ್ ಕಿಟಕಿಯ ಆಚೆ ಏನಿದೆ ನೋಡಿ. ನಾಯಿ ಇದ್ದರೆ ಅದರ ಸರಪಳಿ ಎಷ್ಟು ಉದ್ದ ಇದೆ ನೋಡಿ.

ಹೋದ ವಾರ ಏಜೆಂಟ್ ಮತ್ತೆ ಫೋನ್ ಮಾಡಿದ್ದ. 62ಕ್ಕೆ ಗಿರಾಕಿ ಇದೆಯಂತೆ. ಮಾರುವುದಿಲ್ಲ ಎಂದೆ. ನಾಳೆ ಮಗನಿಗೆ ಗಣಿತದ ಪರೀಕ್ಷೆ, ಹಾಗಾಗಿ ಮೊದಲ ಸಲ ನಾನೇ ಹೋಗಬೇಕು. ಬಾಯಿಯ ಜಾಳಿಗೆ, ಹಗ್ಗ ಎರಡನ್ನೂ ಬಾಗಿಲ ಮೊಳೆಗೆ ತೂಗುಹಾಕಿ, ಐದೂಕಾಲಿಗೆ ಅಲಾರಾಂ ಇಟ್ಟಿದ್ದೇನೆ.